ತಡ್ರಿ, ಹೊಸ ಮಾಡೆಲ್ ಬರ್ತೈತಿ

ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಬಾಯಿಬಿಟ್ಟವರಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಪುಕ್ಕಟೆ ಸಿಗುವ ಸಲಹೆ ಇದು: “ಇನ್ನೆರಡು ತಿಂಗ್ಳು ತಡ್ರಿ, ಹೊಸ ಮಾಡೆಲ್ ಬರ್ತೈತಿ.” ಇದು ತೀರಾ ಬುಡವಿಲ್ಲದ ಮಾತೇನಲ್ಲ. ಪ್ರತಿ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಪ್ರದರ್ಶನದಲ್ಲಿ ಇಂಟೆಲ್, ಎಎಂಡಿ ಕಂಪನಿಗಳು ಹೊಸ ಪ್ರೊಸೆಸರ್‌ಗಳನ್ನು ಸಾರುತ್ತವೆ. ಅವುಗಳಿರುವ ಯಂತ್ರಗಳು ಕೆಲವು ತಿಂಗಳಲ್ಲಿ ಇಲ್ಲಿಗೂ ಬರುತ್ತವೆ. ಹಿಂದಿನ ವರ್ಷದ ಸರಕಿನ ಬೆಲೆ ಇಳಿಯುತ್ತದೆ. ಹೀಗಿರುವಾಗ ಕಾದವನೇ ಜಾಣ ಅನ್ನಿಸುವುದು ಸಹಜ. ಆದರೆ ಈ ಸಲಹೆಯೊಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಷರತ್ತಿದೆ: ಕಾಯುವವನ ದುಡ್ಡು ಕಾಯುವಷ್ಟು ದಿನವೂ ಹಾಗೇ ಕೈಯಲ್ಲಿರಬೇಕು, ಅವನ ಕೆಲಸವೂ ಅವನ ಜೊತೆ ಕಾಯಬೇಕು. ಈ ಮೂರು ತಾಲ್ಲೂಕುಗಳಲ್ಲಿ ಅದೆರಡೂ ಕೂಡಿಬರುವುದು ಕಡಿಮೆ. ಬಿಡುಗಡೆಯ ತಿಂಗಳು ಗೊತ್ತಿದ್ದರೆ ಒಳ್ಳೆಯದೇ. ಆದರೆ ಆ ತಿಳಿವಳಿಕೆ ಚೌಕಾಸಿಗೆ ಒದಗಬೇಕು, ಮುಂದೂಡಿಕೆಗಲ್ಲ ಎಂಬುದು ನನ್ನ ವಾದ.

ಇಲ್ಲಿ ದುಡ್ಡು ಕೈಗೆ ಬರುವ ಹೊತ್ತು ಊರಿಂದೂರಿಗೆ ಬೇರೆ. ಸಿಂಧನೂರು ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ನಾಡು. ಮುಂಗಾರಿನ ಸೋನಾ ಮಸೂರಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ನಾಲೆಗೆ ನೀರು ಬಿಟ್ಟರೆ ಎರಡನೇ ಬೆಳೆ ಬೇಸಿಗೆಯಲ್ಲಿ. ಮಸ್ಕಿಯ ಬಹಳಷ್ಟು ಹಳ್ಳಿಗಳು ಮಳೆಯನ್ನೇ ನೆಚ್ಚಿದವು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತದ್ದು ಅದಕ್ಕೇ. ಅಲ್ಲಿ ತೊಗರಿ, ಹತ್ತಿ ಮಾರಿದ ಹಣ ಕಾಣುವುದು ವರ್ಷ ತಿರುಗುವ ಹೊತ್ತಿಗೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಮಾತ್ರ ಚಿನ್ನದ ಗಣಿ ಕಂಪನಿ ಇದೆ, ತಿಂಗಳ ಸಂಬಳವಿದೆ, ಇಎಂಐ ಕೊಡುವ ಬ್ಯಾಂಕಿದೆ. ಹಟ್ಟಿಯ ನೌಕರ ಮಾರ್ಚ್ ಬಿಟ್ಟು ಮೇನಲ್ಲಿ ಕೊಂಡರೂ ನಡೆದೀತು. ಆದರೆ ಜನವರಿಯಲ್ಲಿ ತೊಗರಿ ಮಾರಿದ ಮನೆಯಲ್ಲಿ ಆ ದುಡ್ಡು ಮೇ ತನಕ ಹಾಗೇ ಕೂತಿರುತ್ತದೆಯೇ? ಸಾಲದ ಕಂತು ಬರುತ್ತದೆ, ಯಾರದೋ ಮದುವೆ ಬರುತ್ತದೆ, ಮುಂಗಾರಿಗೆ ಬೀಜ-ಗೊಬ್ಬರದ ಖರ್ಚು ಬಾಗಿಲಲ್ಲೇ ನಿಂತಿರುತ್ತದೆ. ಹೊಸ ಮಾಡೆಲ್ ಅಂಗಡಿಗೆ ಬಂದ ದಿನ ಮನೆಯಲ್ಲಿ ದುಡ್ಡಿರುವುದಿಲ್ಲ.

ಇದಕ್ಕೆ ತಿರುಗಿ ಬರುವ ಪ್ರಶ್ನೆ ಗಟ್ಟಿಯಾದದ್ದೇ. ಕಾಲೇಜು ಶುರುವಾಗುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಆಗ ಬೆಳೆಗಾರನ ಜೇಬು ಬರಿದು. ಕೆಲಸ ಶುರುವಾದಾಗಲೇ ಕೊಳ್ಳಿ ಎಂದರೆ ದಲಾಲಿ ಅಂಗಡಿಯಲ್ಲಿ ಸಾಲ ಮಾಡಿ ಎಂದಂತಾಗುವುದಿಲ್ಲವೇ? ಲೆಕ್ಕ ಹಾಕೋಣ. 50,000 ರೂಪಾಯಿಗೆ ನೂರಕ್ಕೆ ಎರಡರಂತೆ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ 1,000. ಜುಲೈನಲ್ಲಿ ತಂದು ಡಿಸೆಂಬರ್‌ನಲ್ಲಿ ತೀರಿಸಿದರೆ 5,000. ಅದೇ ಯಂತ್ರವನ್ನು ಹಿಂದಿನ ಜನವರಿಯಲ್ಲಿ ಕೈದುಡ್ಡಿನಿಂದ ಕೊಂಡಿಟ್ಟರೆ ಬಡ್ಡಿ ಉಳಿಯುತ್ತದೆ, ಆದರೆ ಒಂದು ವರ್ಷದ ವಾರಂಟಿಯಲ್ಲಿ ಅರ್ಧ ಡಬ್ಬಿಯೊಳಗೇ ಕಳೆಯುತ್ತದೆ. ಭತ್ತ ಬರುವ ತನಕ ನಾಲ್ಕು ತಿಂಗಳು ಕಾಲೇಜಿನ ಲ್ಯಾಬ್‌ನಲ್ಲೇ ಸುಧಾರಿಸಿಕೊಳ್ಳುವುದು ಮೂರನೆಯ ದಾರಿ. ಬಿಕಾಂ ಹುಡುಗನಿಗೆ ಅದು ಸಾಧ್ಯ. ಇಂಜಿನಿಯರಿಂಗ್ ಓದುವವಳಿಗೆ ಅಥವಾ ಡಿಟಿಪಿ ಅಂಗಡಿ ಇಟ್ಟವನಿಗೆ ಆ ನಾಲ್ಕು ತಿಂಗಳ ನಷ್ಟ ಬಡ್ಡಿಗಿಂತ ದೊಡ್ಡದು. ಗಮನಿಸಬೇಕಾದ್ದು ಏನೆಂದರೆ, ಈ ಮೂರು ದಾರಿಗಳಲ್ಲಿ ಯಾವುದಕ್ಕೂ ಮುಂದೆ ಬರುವ ಮಾಡೆಲ್ ಸಂಬಂಧಪಟ್ಟಿಲ್ಲ. ದುಡ್ಡಿಗಾಗಿ ಕಾಯುವುದಕ್ಕೆ ಲೆಕ್ಕವಿದೆ. ಮಾಡೆಲ್‌ಗಾಗಿ ಕಾಯುವುದಕ್ಕೆ ಬರೀ ಆಸೆಯಿದೆ.

ಇಷ್ಟಕ್ಕೂ ಹೊಸ ಮಾಡೆಲ್ ಎಂದು ಬರುವುದರಲ್ಲಿ ಹೊಸದೆಷ್ಟು? ಎಎಂಡಿಯ ರೈಜೆನ್ 5 7520ಯು ಎಂಬ ಪ್ರೊಸೆಸರ್ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದದ್ದು, ಏಳು ಸಾವಿರದ ಸಾಲಿನದು, ಕೇಳಲು ಹೊಚ್ಚಹೊಸದು. ಆದರೆ ಕಂಪನಿಯದೇ ಅಂದಿನ ಹೆಸರಿಡುವ ಕ್ರಮದಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುತ್ತದೆ: ಇಲ್ಲಿರುವ 2 ಎಂದರೆ ಜೆನ್ 2, ಅಂದರೆ 2019ರ ವಿನ್ಯಾಸ. ಪಕ್ಕದಲ್ಲೇ ಇಟ್ಟಿರುವ 7530ಯು ಜೆನ್ 3ರದು. ಸ್ಟಿಕ್ಕರ್ ಮೇಲೆ ಹತ್ತು ಸಂಖ್ಯೆಯ ಅಂತರ, ಒಳಗೆ ಒಂದು ತಲೆಮಾರಿನದು. ಅಷ್ಟೇ ಅಲ್ಲ, 7520ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿ ಕೊಂಡರೆ ಕೊನೆಯ ತನಕ ಅದೇ ಗತಿ. ಇಂಟೆಲ್ ಕೂಡ ಹಿಂದೆ ಬಿದ್ದಿಲ್ಲ: 2024ರ ಆರಂಭದಲ್ಲಿ ಕೋರ್ 7 150ಯು ಎಂಬ ಹೊಸ ಹೆಸರಲ್ಲಿ ಬಂದದ್ದು ಹಳೆಯ ರ‍್ಯಾಪ್ಟರ್ ಲೇಕ್ ವಿನ್ಯಾಸವೇ. ಹೀಗೆ ಹೆಸರು ಬದಲಿಸಿದ ಹಳೆ ಸರಕಿಗೆ ಆರು ತಿಂಗಳು ಕಾದವನು ಯಾವ ಲಾಭ ಪಡೆದ?

ಕಾಯುವವರ ಪರವಾದ ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡಬಾರದು. 2024ರ ಮಾರ್ಚ್‌ನಲ್ಲಿ ಆ್ಯಪಲ್‌ನ ಎಂ3 ಮ್ಯಾಕ್‌ಬುಕ್ ಏರ್ ಭಾರತದಲ್ಲಿ 1,14,900 ರೂಪಾಯಿಗೆ, 8 ಜಿಬಿ ರ‍್ಯಾಮ್‌ನೊಂದಿಗೆ ಬಂತು. ಅಕ್ಟೋಬರ್ ಕೊನೆಗೆ ಅದೇ ಬೆಲೆಗೆ 16 ಜಿಬಿ ಮಾಡಿದರು. 2025ರ ಮಾರ್ಚ್‌ನಲ್ಲಿ ಎಂ4 ಬಂದಾಗ ಆರಂಭದ ಬೆಲೆ 99,900. ಅಂದರೆ ಫೆಬ್ರುವರಿಯಲ್ಲಿ ಪಟ್ಟಿಯ ಬೆಲೆ ಕೊಟ್ಟು ಎಂ3 ಕೊಂಡವರಿಗೆ ಒಂದೇ ತಿಂಗಳಲ್ಲಿ 15,000 ರೂಪಾಯಿ ಬರೆ. ಇಲ್ಲಿ ಕಾಯುವುದೇ ಸರಿ. ಆದರೆ ಅದು ಒಂದೇ ಕಂಪನಿ, ಕೈಬೆರಳೆಣಿಕೆಯ ಮಾಡೆಲ್, ಹೆಚ್ಚುಕಡಿಮೆ ಊಹಿಸಬಹುದಾದ ತಿಂಗಳು ಇರುವ ಕಡೆ ನಡೆಯುವ ಉಪಾಯ. ಹತ್ತಾರು ಹೆಸರಲ್ಲಿ ವರ್ಷವಿಡೀ ಸರಕು ಬಿಡುವ ಉಳಿದ ಕಂಪನಿಗಳಿಗೆ ಅದನ್ನು ಅನ್ವಯಿಸಿದರೆ ಯಾವ ತಿಂಗಳೂ ಕೊಳ್ಳುವ ತಿಂಗಳಾಗುವುದಿಲ್ಲ.

ಬೆಲೆಯಂತೂ ಮಾಡೆಲ್ ಒಂದರ ಮಾತು ಕೇಳುವುದಿಲ್ಲ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಕಡ್ಡಾಯ ಮಾಡಿತು, ಮರುದಿನವೇ ಅದನ್ನು ಮುಂದಕ್ಕೆ ಹಾಕಿತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದಾಗ ಎಸಿ, ದೊಡ್ಡ ಟಿವಿ ಅಗ್ಗವಾದವು. ಲ್ಯಾಪ್‌ಟಾಪ್ ಮೊದಲೂ ಶೇ 18, ಆಮೇಲೂ ಶೇ 18. ಅದೇ ವರ್ಷದ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮರಿ ಚಿಪ್‌ಗಳನ್ನು ಬಾಚಿಕೊಂಡು ರ‍್ಯಾಮ್ ಬೆಲೆ ಮೇಲಕ್ಕೆ ಹೋಯಿತು. ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ತಡೆದಷ್ಟೂ ಅಗ್ಗ ಎಂಬ ನಂಬಿಕೆ ನೆಟ್ಟಗೆ ತಲೆಕೆಳಗಾದ ವರ್ಷ ಅದು.

ಹಾಗಾದರೆ ಬಿಡುಗಡೆಯ ಸುದ್ದಿ ಯಾತಕ್ಕೆ ಬೇಕು? ಅಂಗಡಿಯವನೆದುರು ನಿಂತಾಗ ಬೇಕು. ಡಬ್ಬಿಯ ಮೇಲೆ ತಯಾರಾದ ತಿಂಗಳು-ವರ್ಷ, ಎಂಆರ್‌ಪಿ ಎರಡನ್ನೂ ಅಚ್ಚುಹಾಕಿರಬೇಕೆಂದು ಕಾನೂನಿದೆ. ಸಣ್ಣ ಊರಿನಲ್ಲಿ ಸರಕು ನಿಧಾನ ಕದಲುತ್ತದೆ, ಆದ್ದರಿಂದ ಆ ಚೀಟಿ ಓದುವುದು ಇಲ್ಲಿ ಬೆಂಗಳೂರಿಗಿಂತ ಹೆಚ್ಚು ಮುಖ್ಯ. ಒಂದೂವರೆ ವರ್ಷದ ಹಿಂದಿನ ಡಬ್ಬಿಗೆ ಇಂದಿನ ದರ ಕೇಳಿದರೆ ಇದರ ಮುಂದಿನದು ಆಗಲೇ ಬಂದಿದೆ ಎಂದು ಹೇಳಿ ದರ ಇಳಿಸಬಹುದು, ಇಲ್ಲವೇ ಎದ್ದು ಬರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗಂತೂ ತಾರೀಕು ಇನ್ನೂ ಕಟ್ಟುನಿಟ್ಟು: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಏಳನೇ ತಲೆಮಾರಿನ ಕೋರ್ ಐ5 ಎಷ್ಟೇ ಸೋವಿಗೆ ಸಿಕ್ಕರೂ ಡಿಟಿಪಿ ಅಂಗಡಿಗೆ ಅದು ದಂಡ.

ಮತ್ತೆ ದುಡ್ಡು ಬರುವ ಹೊತ್ತಿನ ಮಾತಿಗೇ ಬರೋಣ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟುಗಳನ್ನೆಲ್ಲ ಬದಲಿಸುವ ಸಲುವಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಸಿಂಧನೂರಿನ ನಾಲೆಯ ಕೆಳಗಿನ ಮನೆಗಳಿಗೆ ಬೇಸಿಗೆಯ ಭತ್ತದ ಹಣ ಇಲ್ಲವೆಂದರೆ, 2026ರಲ್ಲಿ ಕಾಲೇಜು ಸೇರುವ ಮಗಳ ಲ್ಯಾಪ್‌ಟಾಪ್ ಡಿಸೆಂಬರ್‌ನ ಭತ್ತದ ಹಣದಲ್ಲೇ ಬರಬೇಕಿತ್ತು. ಅಂಥ ಮನೆಗೆ ಜನವರಿಯಲ್ಲಿ “ತಡ್ರಿ” ಎಂದವರು ಬಡ್ಡಿಯ ಲೆಕ್ಕ ಹಾಕಿ ನೋಡಿರಲಾರರು.