ಶೇಷವನ್ನು ಮರೆತ ಭಾಗಾಕಾರ

ಹಳೆಯ ಗೇಮ್ ಕನ್ಸೋಲ್‌ಗಳ ಬಗ್ಗೆ ಬರೆಯುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಅವುಗಳಲ್ಲಿ ಫ್ಲೋಟಿಂಗ್ ಪಾಯಿಂಟ್ ಇರಲಿಲ್ಲ, ಪೂರ್ಣಾಂಕಗಳಲ್ಲೇ ಭಿನ್ನರಾಶಿಯ ಲೆಕ್ಕವನ್ನು ಹೇಗೋ ಸಾಗಿಸುತ್ತಿದ್ದರು, ಅದಕ್ಕೇ ಚಿತ್ರ ನಡುಗುತ್ತಿತ್ತು. ಸಾಕ್ಷಿಗೆ 1994ರ ಪ್ಲೇಸ್ಟೇಷನ್. ಹೀಗೆ ಪೂರ್ಣಾಂಕದಲ್ಲೇ ಭಿನ್ನಾಂಶ ಹಿಡಿದಿಡುವ ಫಿಕ್ಸೆಡ್ ಪಾಯಿಂಟ್ ಎಂಬುದು ಬಡ ಯಂತ್ರದ ಅನಿವಾರ್ಯ ಎನ್ನುವ ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಪ್ಲೇಸ್ಟೇಷನ್ನಿನ ನಡುಕಕ್ಕೆ ಕಾರಣ ಬೇರೆ. ದೂರದ್ದನ್ನು ಚಿಕ್ಕದಾಗಿ ತೋರಿಸಲು ದೂರದಿಂದ ಭಾಗಿಸುವ ಲೆಕ್ಕ ಮುಗಿದ ಮೇಲೆ ಅದು ತ್ರಿಕೋನದ ಮೂಲೆಗಳನ್ನು ಇಡೀ ಪಿಕ್ಸೆಲ್‌ಗಳ ಮೇಲೆಯೇ ಕೂರಿಸುತ್ತದೆ. ಭಿನ್ನಾಂಶ ಚಿತ್ರ ಬರೆಯುವ ಚಿಪ್‌ವರೆಗೆ ತಲುಪುವುದೇ ಇಲ್ಲ. ಆ ಚಿಪ್ಪೋ, ದೂರ ಹತ್ತಿರಗಳ ಗೊಡವೆಯಿಲ್ಲದೆ ಟೆಕ್ಸ್ಚರ್ ಹಾಸುತ್ತದೆ. ಇವೆರಡನ್ನೂ ಹಾಗೇ ಬಿಟ್ಟು ಫ್ಲೋಟಿಂಗ್ ಪಾಯಿಂಟ್ ಘಟಕವೊಂದನ್ನು ಸೇರಿಸಿದ್ದರೂ ಚಿತ್ರ ನಡುಗುತ್ತಲೇ ಇರುತ್ತಿತ್ತು. ಭಿನ್ನಾಂಶವನ್ನು ಕೈಯಾರೆ ಎಸೆದು ಪೂರ್ಣಾಂಕವನ್ನು ದೂರುವುದು ನ್ಯಾಯವಲ್ಲ.

2004ರ ನಿಂಟೆಂಡೋ ಡಿಎಸ್ ನೋಡಿ. ಅದರ ಎಆರ್‌ಎಂ9 ಪ್ರೊಸೆಸರ್‌ಗೆ ಭಾಗಿಸುವ ಆದೇಶವೇ ಇಲ್ಲ. ಪಕ್ಕದಲ್ಲಿ ಪೂರ್ಣಾಂಕ ಭಾಗಾಕಾರದ ಪ್ರತ್ಯೇಕ ಘಟಕವಿದೆ. ಭಿನ್ನಾಂಶಕ್ಕೆ 12 ಬಿಟ್ ಮೀಸಲಿಟ್ಟರೆ 1 ಎಂಬುದು 4096 ಆಗುತ್ತದೆ, 10 ಎಂಬುದು 40960, 3 ಎಂಬುದು 12288. 40960ನ್ನು 12288ರಿಂದ ನೇರವಾಗಿ ಭಾಗಿಸಿದರೆ ಬರೀ 3 ಬರುತ್ತದೆ, ಏಕೆಂದರೆ ಮೇಲಿನ 4096 ಮತ್ತು ಕೆಳಗಿನ 4096 ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ಭಾಜ್ಯವನ್ನು ಮೊದಲೇ ಇನ್ನೊಮ್ಮೆ 12 ಬಿಟ್ ಎಡಕ್ಕೆ ಸರಿಸಬೇಕು. ಆ ಘಟಕ 64 ಬಿಟ್ ಭಾಜ್ಯವನ್ನು ಒಪ್ಪಿಕೊಳ್ಳುವುದರಿಂದ ಇದಕ್ಕೆ ಜಾಗ ಸಾಲುತ್ತದೆ. ಭಾಗಲಬ್ಧ 13653. ಸಾಮಾನ್ಯವಾಗಿ ವಿವರಣೆಗಳು ಇಲ್ಲಿಗೆ ನಿಲ್ಲುತ್ತವೆ. ಪಕ್ಕದ ರಿಜಿಸ್ಟರ್‌ನಲ್ಲಿ ಶೇಷ 4096 ಕೂತಿದೆ. ಅದನ್ನು ಓದುವವರು ಕಡಿಮೆ.

ಓದದಿದ್ದರೆ ಏನಾಗುತ್ತದೆ? ಮೂರು ಸಾಲಿನಲ್ಲಿ ಹತ್ತು ಪಿಕ್ಸೆಲ್ ಸರಿಯಬೇಕಾದ ಗೆರೆಗೆ 13653ನ್ನು ಮೂರು ಸಲ ಕೂಡಿಸಿ: 40959. ಪೂರ್ಣಾಂಕಕ್ಕೆ ಇಳಿಸಿದರೆ ಒಂಬತ್ತೇ ಪಿಕ್ಸೆಲ್. ಶೇಷವನ್ನು ಮುಂದಿನ ಸಾಲಿಗೆ ಒಯ್ದರೆ ಹತ್ತಕ್ಕೆ ಹತ್ತೂ ಸಿಗುತ್ತದೆ. ಫ್ಲೋಟಿಂಗ್ ಪಾಯಿಂಟ್ ಭಾಗಾಕಾರ ಉತ್ತರವನ್ನು ದುಂಡಗೆ ಮಾಡಿ ಕೊಡುತ್ತದೆ, ಉಳಿದದ್ದು ಎಷ್ಟೆಂದು ತಾನಾಗಿ ಹೇಳುವುದಿಲ್ಲ. ಸಂಖ್ಯೆ ಬೆಳೆದಂತೆ ಅದರ ಮೆಟ್ಟಿಲೂ ದೊಡ್ಡದಾಗುತ್ತದೆ: 32 ಬಿಟ್ ಫ್ಲೋಟ್‌ನಲ್ಲಿ 1,67,77,216 ದಾಟಿದ ಮೇಲೆ ಬೆಸ ಸಂಖ್ಯೆಗಳೇ ಇಲ್ಲ.

ಇಳಕಲ್, ಹುನಗುಂದ, ಬಾಗಲಕೋಟೆಯ ಪೇಟೆಗಳಲ್ಲಿ 1957ರ ಏಪ್ರಿಲ್‌ವರೆಗೆ ರೊಕ್ಕದ ಲೆಕ್ಕ ನಡೆದದ್ದು ಫಿಕ್ಸೆಡ್ ಪಾಯಿಂಟಿನಲ್ಲೇ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ 192 ಪೈ. ಹತ್ತು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 3 ರೂಪಾಯಿ 5 ಆಣೆ 4 ಪೈ, ಶೇಷ ಸೊನ್ನೆ. ನಯಾ ಪೈಸೆ ಬಂದ ಮೇಲೆ ತಲಾ 3 ರೂಪಾಯಿ 33 ಪೈಸೆ, ಒಂದು ಪೈಸೆ ಉಳಿಕೆ. 192ರೊಳಗೆ ಮೂರು ಇದೆ. 100ರಲ್ಲಿ ಇಲ್ಲ, 4096ರಲ್ಲೂ ಇಲ್ಲ. ಶಿಫ್ಟ್ ಮಾಡಲು ಸುಲಭವೆಂದು 4096 ಆರಿಸಿಕೊಂಡವರು ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟಿದ್ದಾರೆ. ಅದು ಅವರ ಆಯ್ಕೆ, ಭಾಗಾಕಾರದ ಘಟಕ ಹೇರಿದ್ದಲ್ಲ.

ಎದುರುವಾದಕ್ಕೂ ಬಲವಿದೆ, ಅದು ವ್ಯಾಪ್ತಿಯ ಪ್ರಶ್ನೆ. ಕ್ಯಾಮೆರಾಗೆ ತೀರ ಹತ್ತಿರ ಬಂದ ವಸ್ತುವಿನ ಭಾಜಕ ಚಿಕ್ಕದಾಗಿ ಭಾಗಲಬ್ಧ ಉಕ್ಕಿ ಹೋಗುತ್ತದೆ. 1990ರ ಸೂಪರ್ ನಿಂಟೆಂಡೋದಲ್ಲಂತೂ ಭಾಜ್ಯಕ್ಕೆ 16 ಬಿಟ್, ಭಾಜಕಕ್ಕೆ ಎಂಟೇ ಬಿಟ್. 1000ವನ್ನು 300ರಿಂದ ನೇರವಾಗಿ ಭಾಗಿಸಲು ಆಗದು. ಸಮಾನ ಅಪವರ್ತನವನ್ನು ಮೊದಲು ತೆಗೆದು ಆಮೇಲೆ ಭಾಗಿಸಿ ಎಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ನಾಲ್ಕರಿಂದ ಇಳಿಸಿ 250ನ್ನು 75ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 25; ಆ 25ನ್ನು ಮತ್ತೆ ನಾಲ್ಕರಿಂದ ಗುಣಿಸಿದರೆ ಮೂಲದ ಶೇಷ 100. ಭಾಜಕ 257ರಂಥ ಅವಿಭಾಜ್ಯವಾದರೆ ಈ ದಾರಿ ಬಹುಪಾಲು ಮುಚ್ಚುತ್ತದೆ, ನಿಜ. ಅದೇ ಕನ್ಸೋಲ್‌ನ 1992ರ ಆಟ ‘ಸೂಪರ್ ಮಾರಿಯೋ ಕಾರ್ಟ್’ ತನ್ನ ಕಾರ್ಟ್ರಿಜ್ಜಿನೊಳಗೆ ಡಿಎಸ್‌ಪಿ-1 ಎಂಬ ಇನ್ನೊಂದು ಚಿಪ್ ಇಟ್ಟುಕೊಂಡೇ ಬಂತು. ಇದನ್ನು ಪೂರ್ಣಾಂಕದ ಸೋಲೆಂದು ಉದಾಹರಿಸುವವರು ಆ ಚಿಪ್ ಎಂಥದ್ದೆಂದು ನೋಡಬೇಕು: ಅದೂ 16 ಬಿಟ್ ಫಿಕ್ಸೆಡ್ ಪಾಯಿಂಟ್ ಚಿಪ್ಪೇ.