ಪುತಿನ ಬರೆದ ಸಂಗೀತ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಕವಿ ಪು.ತಿ. ನರಸಿಂಹಾಚಾರ್ (ಪುತಿನ, 1905–1998) ಗೀತನಾಟಕಗಳಿಗೆ ಹಾಡು ಬರೆದು ಧಾಟಿಯನ್ನು ಬೇರೆಯವರಿಗೆ ಬಿಟ್ಟವರಲ್ಲ. ರಾಗವನ್ನೂ ತಾವೇ ಹೊಂದಿಸಿದರು. ಇರುವ ರಾಗ ಸಾಲದಾದಾಗ ಹೊಸದನ್ನೇ ಕಲ್ಪಿಸಿಕೊಂಡರು. ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ದುಡಿಯುತ್ತಿದ್ದಾಗಲೂ ಈ ಕೆಲಸ ನಡೆಯಿತು. ಆದರೆ ಅವರ ಕಿವಿ ಕಂಡ ಸುಖವನ್ನು ಅಚ್ಚಿನ ಪುಟ ಓದುಗನಿಗೆ ಮುಟ್ಟಿಸೀತೇ?

ಅವರ ಗೀತನಾಟಕ ‘ಗೋಕುಲ ನಿರ್ಗಮನ’ ಮುಟ್ಟಿಸುತ್ತದೆ. ಅದರ ವಸ್ತುವೇ ಸಂಗೀತದ ಅಗಲಿಕೆ. ಅಕ್ರೂರ ಬರುತ್ತಾನೆ, ಕೃಷ್ಣ ಮಧುರೆಗೆ ಹೊರಡಬೇಕು, ಕೊಳಲಿಗೆ ಕಿವಿಗೊಟ್ಟು ಬದುಕಿದ ಊರು ಇನ್ನು ಬರಿದಾಗಬೇಕು. ರಾಗದ ಗಂಧವಿಲ್ಲದವರಿಗೂ ಈ ನೋವು ತಾಕುತ್ತದೆ, ಏಕೆಂದರೆ ಇಲ್ಲಿ ಮಾತೇ ಹಗುರಾಗಿ ಹಾಡಾಗಲು ಹವಣಿಸುತ್ತದೆ. ಕಾವ್ಯದ ಬಗ್ಗೆ ಪುತಿನ ಎರಡು ಪದ ಕೊಟ್ಟರು: ಭವನಿಮಜ್ಜನ, ಲಘಿಮಾಕೌಶಲ. ಬದುಕಿನಲ್ಲಿ ಮುಳುಗುವುದು, ಆದರೂ ಹಗುರಾಗಿ ತೇಲಬಲ್ಲ ಜಾಣ್ಮೆ. ಇದು ಪಂಡಿತನ ಸೂತ್ರಕ್ಕಿಂತ ಹೆಚ್ಚಾಗಿ ಆಲಾಪನೆಗೆ ಮೈಮರೆತವನ ಅನುಭವ ಎಂದೇ ನಾನು ನಂಬುತ್ತೇನೆ.

ಎಲ್ಲ ಕಡೆಯೂ ಹೀಗಿಲ್ಲ. ಅವರ ಇನ್ನೊಂದು ಗೀತನಾಟಕ ‘ಅಹಲ್ಯೆ’ಯಲ್ಲಿ ಚಿಂತನೆಯ ಭಾರ, ಸಂಸ್ಕೃತ ಪದಗಳ ಬಿಗಿ ಹೆಚ್ಚು. ಮೌನವಾಗಿ ಓದಿದರೆ ಅದು ಅರ್ಥವಾಗುತ್ತದೆಯೇ ಹೊರತು ಕೇಳಿಸುವುದಿಲ್ಲ. ಪುತಿನರ ಮನಸ್ಸಿನಲ್ಲಿ ಮೊಳಗಿದ ರಾಗ ಅವರಲ್ಲೇ ಉಳಿದುಬಿಟ್ಟಿತೇನೋ ಅನ್ನಿಸುತ್ತದೆ.

ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ದಾರಿಯೇ ಬೇರೆ. 1942ರ ಕವನಸಂಕಲನ ‘ಮೈಸೂರ ಮಲ್ಲಿಗೆ’ಗೆ ಅವರು ಧಾಟಿ ಕಟ್ಟಲಿಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅಂಥವರು ಕಟ್ಟಿದರು, ಕವಿತೆ ಮನೆಮನೆಗೆ ಹೋಯಿತು. ರಾಗವನ್ನೇ ಕೂಡಿಸಿ ಕೊಟ್ಟ ಪುತಿನರ ಹಾಡುಗಳು ಅಷ್ಟು ದೂರ ನಡೆಯಲಿಲ್ಲ. ಕೊರತೆ ಕೃತಿಯದ್ದಲ್ಲ. ಬಿ.ವಿ. ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದಾಗ ಅದರ ಕಸುವು ಎಷ್ಟೆಂದು ಗೊತ್ತಾಯಿತು. ಆದರೂ ನಾವು ಪುತಿನರನ್ನು ಪಠ್ಯಪುಸ್ತಕದ ಕವಿಯಾಗಿ ಓದಿ ಮಡಚಿಟ್ಟೆವು.

ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಜನಪದ ಹಾಡುಗಳನ್ನು ಬರೆದುಕೊಂಡಷ್ಟಕ್ಕೆ ತೃಪ್ತರಾಗದೆ ದನಿಯನ್ನೂ ಮುದ್ರಿಸಿಟ್ಟರು. ಅಂಥದೇ ಕಾಳಜಿ ಪುತಿನರಿಗೂ ಸಲ್ಲಬೇಕು. ಅವರ ಒಂದೊಂದು ಗೀತನಾಟಕವನ್ನೂ ಅವರೇ ಹೊಂದಿಸಿದ ರಾಗದಲ್ಲಿ ಪೂರ್ತಿಯಾಗಿ ಹಾಡಿ, ಪುಸ್ತಕದ ಜೊತೆಗೇ ಓದುಗರ ಕೈಗಿಡಿ. ಸುಗಮ ಸಂಗೀತದ ಗಾಯಕರು, ಕನ್ನಡ ಪ್ರಕಾಶಕರು ಸೇರಿದರೆ ಇದು ಆಗದ ಕೆಲಸವಲ್ಲ.