ಉಳಿಸಿ, ಅಳಿಸಿ

ಅಮ್ಮ ಹೋಗುವ ವರ್ಷ ಹಾಡಿದ ಮೂರು ಹಸೆಹಾಡುಗಳು ನನ್ನ ಫೋನಿನಲ್ಲಿದ್ದವು. ಈಗ ಎರಡಿವೆ. ಮೂರನೆಯದು ನನ್ನ ಹೆಬ್ಬೆರಳಿನಿಂದಲೇ ಹೋಯಿತು. ಧ್ವನಿ ಮುದ್ರಿಸುವ ಆ ಆ್ಯಪಿನಲ್ಲಿ 'ಉಳಿಸಿ', 'ಅಳಿಸಿ' ಎಂಬ ಎರಡು ಗುಂಡಿಗಳು. ಎರಡೂ ಒಂದೇ ನೀಲಿ, ಒಂದೇ ಗಾತ್ರ, ಅಕ್ಕಪಕ್ಕ. ಮೊದಲ ಅಕ್ಷರವೊಂದು ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ನನ್ನ ಕನ್ನಡಕವೋ ಅಡುಗೆಮನೆಯ ಕಿಟಕಿಯಲ್ಲಿತ್ತು!

"ನೋಡಿ ಒತ್ತಬಾರದೇನಮ್ಮಾ?" ಎಂದ ಮಗ. ಉಪ್ಪು, ಸಕ್ಕರೆ ಎರಡನ್ನೂ ಒಂದೇ ಬಗೆಯ ಡಬ್ಬಿಯಲ್ಲಿಟ್ಟು, ಪಾಯಸ ಕೆಟ್ಟಾಗ ಹೊಸ ಸೊಸೆಯನ್ನು ಬೈಯುವ ಅತ್ತೆಯ ನ್ಯಾಯ ಇದು.

ಅಳಿಸುವ ಗುಂಡಿ ಕೆಂಪಗಿರಲಿ ಎನ್ನುತ್ತಾರೆ ಬಲ್ಲವರು. ಐಫೋನಿನಲ್ಲಿ ಅದನ್ನು ಕೆಂಪಕ್ಷರದಲ್ಲಿ ತೋರಿಸುವುದೇ ರೂಢಿ. ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಕೆಂಪೆಂದರೆ ಬರೀ ಹೆದರಿಕೆಯಲ್ಲ. ಕುಂಕುಮ, ಆರತಿ ತಟ್ಟೆಯ ಓಕುಳಿ, ಚೆನ್ನಾಗಿ ಹತ್ತಿದ ಮದರಂಗಿ. ಮೇಲಾಗಿ ಕೆಲವರ ಕಣ್ಣಿಗೆ ಕೆಂಪು, ಹಸಿರು ಬೇರೆಯಾಗಿ ಕಾಣುವುದೇ ಇಲ್ಲ. ಇದು ಗಂಡಸರಲ್ಲಿ ಹೆಚ್ಚು. ಬಣ್ಣವೊಂದನ್ನೇ ನಂಬಬೇಡಿ ಎಂದು ವೆಬ್‌ನ ನಿಯಮ ಬರೆಯುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲೇ ಹೇಳಿತ್ತು. ಬಣ್ಣದ ಜೊತೆ ನಡುವೆ ಜಾಗ ಬೇಕು, ಬಿಡಿಸಿ ಹೇಳುವ ಮಾತೂ ಬೇಕು.

ಮಾತಿನ ಪಾಡಂತೂ ಕೇಳಬೇಡಿ. ಇಂಗ್ಲಿಷಿನ 'ಕ್ಯಾನ್ಸಲ್' ನಮ್ಮಲ್ಲಿ 'ರದ್ದುಮಾಡಿ' ಆಗಿದೆ. "ಟಿಕೆಟ್ ರದ್ದುಮಾಡಬೇಕೆ?" ಎಂಬ ಪ್ರಶ್ನೆಯ ಕೆಳಗೆ 'ರದ್ದುಮಾಡಿ', 'ಸರಿ' ಎಂದಿದ್ದರೆ ಯಾವುದನ್ನು ಒತ್ತುತ್ತೀರಿ? ರದ್ದಾಗುವುದು ಟಿಕೆಟ್ಟೋ, ಪ್ರಶ್ನೆಯೋ? 'ಟಿಕೆಟ್ ಬೇಡ', 'ಟಿಕೆಟ್ ಇರಲಿ' ಎಂದು ಬರೆದರೆ ಗಂಟೇನು ಹೋಗುತ್ತದೆ? ಬರೆದವರು ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದರೂ ಸಾಕಿತ್ತು.

ನನ್ನ ಕೇಳಿದರೆ, ಬಣ್ಣಕ್ಕಿಂತ ದೊಡ್ಡದು ಹಿಂದಕ್ಕೆ ಪಡೆಯುವ ಅವಕಾಶ. ಐಫೋನಿನಲ್ಲಿ ಅಳಿಸಿದ ಫೋಟೋ ಸಾಮಾನ್ಯವಾಗಿ 30 ದಿನ ಒಂದು ಮೂಲೆಯಲ್ಲಿ ಕಾದಿರುತ್ತದೆ. ವಾಟ್ಸಾಪ್‌ನವರು 2022ರ ಡಿಸೆಂಬರಿನಲ್ಲಿ, ನಮಗಷ್ಟೇ ಎಂದು ಅಳಿಸಿಕೊಂಡ ಸಂದೇಶವನ್ನು ಮರಳಿ ಪಡೆಯಲು 5 ಸೆಕೆಂಡು ಕೊಟ್ಟರು. ಐದು ಸೆಕೆಂಡಿನಲ್ಲಿ ನನಗೆ ಕನ್ನಡಕವೂ ಸಿಗುವುದಿಲ್ಲ, ಇರಲಿ. ನನ್ನ ಆ್ಯಪಿನಲ್ಲಿ ಅಷ್ಟೂ ಇರಲಿಲ್ಲ.

ಉಳಿದ ಎರಡನ್ನು ಮಗಳ ಫೋನಿಗೂ ಕಳಿಸಿದ್ದೇನೆ. ಮೂರನೆಯದರಲ್ಲಿ ನನಗೆ ಬರುವುದು ಪಲ್ಲವಿ ಮಾತ್ರ. ಮಿಕ್ಕದ್ದು ಚಿಕ್ಕಮ್ಮನಿಗೆ ನೆನಪಿದೆಯೇನೋ, ಭಾನುವಾರ ಹೋಗಿ ಕೇಳಬೇಕು.